ಬೆಣ್ಣೆಯಂತೆ ಬದಲಾಗುವ ಗೇರು: ಹಳೆಯ ಡಾರ್ಟ್‌ನ ಆಟೊಮ್ಯಾಟಿಕ್ ಕೇಳುತ್ತಿರುವುದೇನು?

ಪ್ರಶ್ನೆ: ನಮಸ್ಕಾರ ಸರ್. ಊರು ಹಾಸನದ ಹತ್ತಿರ, ಈಗ ಇರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಹೋದ ವರ್ಷ 1970ರ ಡಾಡ್ಜ್ ಡಾರ್ಟ್ ಒಂದನ್ನು ಕೊಂಡೆ. 318 ಘನ ಇಂಚಿನ ವಿ8 ಎಂಜಿನ್, ಮೂರು ಗೇರಿನ ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಚಳಿಗಾಲದಲ್ಲಿ ಒಂದು ಗ್ಯಾರೇಜಿನಲ್ಲಿ ಹಳೆಯ ಎರಡು ಬ್ಯಾರಲ್ ಕಾರ್ಬುರೇಟರ್ ತೆಗೆಸಿ, ಮ್ಯಾನಿಫೋಲ್ಡ್ ಸಮೇತ ಹೊಸ ನಾಲ್ಕು ಬ್ಯಾರಲ್ ಕಾರ್ಬುರೇಟರ್ ಹಾಕಿಸಿದೆ. ಎಂಜಿನ್ ಚೆನ್ನಾಗಿ ಎಳೆಯುತ್ತದೆ. ಆದರೆ ಗೇರುಗಳು ತೀರಾ ಬೇಗ ಬದಲಾಗುತ್ತಿವೆ. ಗಂಟೆಗೆ 20 ಮೈಲಿ ಮುಟ್ಟುವಷ್ಟರಲ್ಲಿ ಮೂರನೆಯ ಗೇರು ಬಿದ್ದಿರುತ್ತದೆ. ಪೆಡಲನ್ನು ಅರ್ಧ ಒತ್ತಿದರೂ ಅಷ್ಟೇ. ಬದಲಾದದ್ದು ಗೊತ್ತೇ ಆಗುವುದಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಕಳೆದ ವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗ ಏರಿನಲ್ಲಿ ಎರಡರಿಂದ ಮೂರಕ್ಕೆ ಹೋಗುವ ಹೊತ್ತಿಗೆ ಎಂಜಿನ್ ಒಮ್ಮೆ ಸುಮ್ಮನೆ ಮೊರೆದು, ಆಮೇಲೆ ಗಾಡಿ ಎಳೆಯಿತು. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕು ಎನ್ನುತ್ತಾರೆ. ಷೆವ್ರೊಲೆ ಇಟ್ಟುಕೊಂಡಿರುವ ಗೆಳೆಯರು ‘ವ್ಯಾಕ್ಯೂಮ್ ಮಾಡ್ಯುಲೇಟರ್ ಹೋಗಿದೆ’ ಎನ್ನುತ್ತಾರೆ. ಊರಿನಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಸೋದರಮಾವ ಫೋನಿನಲ್ಲಿ ‘ಸ್ವಲ್ಪ ದಪ್ಪ ಆಯಿಲ್ ಹಾಕಪ್ಪ’ ಅಂದರು. ಮೆತ್ತಗೆ ಬದಲಾದರೆ ಒಳ್ಳೆಯದೇ ಅಲ್ಲವೇ ಎಂಬುದು ನನ್ನ ಮನೆಯವಳ ಪ್ರಶ್ನೆ. ಇನ್ನೊಂದು ಸಣ್ಣ ತೊಂದರೆ: ಎರಡು ವಾರ ನಿಲ್ಲಿಸಿ ತೆಗೆದರೆ ಡ್ರೈವ್‌ಗೆ ಹಾಕಿದ ಮೇಲೂ ಗಾಡಿ ಕೆಲವು ಸೆಕೆಂಡು ಕದಲುವುದಿಲ್ಲ.

ಉತ್ತರ: ಮೊದಲು ಗಾಡಿಯನ್ನು ಓಡಿಸುವುದು ನಿಲ್ಲಿಸಿ. ಏರಿನಲ್ಲಿ ಎಂಜಿನ್ ಮೊರೆಯಿತು ಎಂದಿರಲ್ಲ, ಅದು ಗೇರ್‌ಬಾಕ್ಸಿನೊಳಗೆ ಕ್ಲಚ್ ಪ್ಲೇಟುಗಳು ಹಿಡಿತ ಸಿಗದೆ ಜಾರಿದ ಸದ್ದು. ಒಂದೆರಡು ಸಲ ಜಾರಿದರೆ ಪ್ಲೇಟು ತಡೆದುಕೊಳ್ಳುತ್ತದೆ. ಹೀಗೆಯೇ ಬೇಸಿಗೆ ಪೂರ್ತಿ ಓಡಿಸಿದರೆ ನಿಮ್ಮ ಗ್ಯಾರೇಜಿನವರು ಹೇಳಿದ ಮಾತು ನಿಜವಾಗುತ್ತದೆ. ಈಗಿನ್ನೂ ಆಗಿಲ್ಲ ಎಂದು ನನ್ನ ಊಹೆ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಕಾರ್ಬುರೇಟರ್ ಬದಲಾಯಿತು, ಗೇರು ಕೆಟ್ಟಿತು. ಎಂಜಿನ್ ಮೇಲಿನ ಕೆಲಸ ಮುಗಿಸಿ ಬಂದ ಗಾಡಿಯ ಗೇರು ಮರುದಿನದಿಂದ ಮೆತ್ತಗಾದರೆ ನಾನು ಗೇರ್‌ಬಾಕ್ಸ್ ಕಡೆ ನೋಡುವ ಮೊದಲು ಬಾನೆಟ್ ಎತ್ತುತ್ತೇನೆ.

ನಿಮ್ಮ ದೂರಿನಲ್ಲಿ ಅರ್ಧ ಭಾಗ ದೋಷವೇ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಈ ಗೇರ್‌ಬಾಕ್ಸಿಗೆ ಇರುವುದು ಮೂರೇ ಗೇರು, ಅನುಪಾತ 2.45, 1.45 ಮತ್ತು 1. ಪೆಡಲಿನ ಮೇಲೆ ಕಾಲಿನ ಭಾರವಷ್ಟೇ ಬಿಟ್ಟು ಹೊರಟರೆ ಗಂಟೆಗೆ 8ರಿಂದ 16 ಮೈಲಿಯ ನಡುವೆ ಎರಡನೆಯದು, 20 ಮೈಲಿಯ ಆಸುಪಾಸಿನೊಳಗೆ ಮೂರನೆಯದು ಬೀಳುವುದು ಕಂಪನಿಯೇ ಇಟ್ಟ ಲೆಕ್ಕ. 20 ಮೈಲಿ ಎಂದರೆ 32 ಕಿಲೋಮೀಟರು. ಐದಾರು ಗೇರಿನ ಈಗಿನ ಕಾರು ಓಡಿಸಿ ಅಭ್ಯಾಸವಾದವರಿಗೆ ಅಷ್ಟು ನಿಧಾನದಲ್ಲಿ ಕೊನೆಯ ಗೇರು ಬಿತ್ತೆಂದರೆ ಗಾಬರಿಯಾಗುವುದು ಸಹಜ. ಆದರೆ ಪೆಡಲನ್ನು ಅರ್ಧಕ್ಕೆ ಒತ್ತಿದಾಗಲೂ ಅದೇ ವೇಗದಲ್ಲಿ ಬದಲಾಗುತ್ತಿದೆ ಎಂದಿರಲ್ಲ, ರೋಗ ಇರುವುದು ಅಲ್ಲಿ. ಪೆಡಲನ್ನು ನೆಲಕ್ಕೆ ತಾಗಿಸಿದರೆ ಮೊದಲ ಗೇರು 35ರಿಂದ 50 ಮೈಲಿಯ ನಡುವೆ ಎಲ್ಲೋ ಬಿಡಬೇಕು, ಎರಡನೆಯದು 60 ದಾಟಬೇಕು. ಹಿಂದಿನ ಆಕ್ಸಲ್‌ನ ಅನುಪಾತ ಮತ್ತು ಟೈರಿನ ಎತ್ತರದಿಂದ ಈ ಅಂಕಿಗಳು ಆಚೀಚೆ ಆಗುತ್ತವೆ. ಕಾಲು ಒತ್ತಿದಷ್ಟೂ ಬದಲಾವಣೆ ತಡವಾಗಬೇಕು ಎಂಬ ನಿಯಮ ಮಾತ್ರ ಬದಲಾಗುವುದಿಲ್ಲ. ನಿಮ್ಮ ಗೇರ್‌ಬಾಕ್ಸಿಗೆ ನಿಮ್ಮ ಕಾಲು ಎಷ್ಟು ಒತ್ತಿದೆ ಎಂಬ ಸುದ್ದಿಯೇ ತಲುಪುತ್ತಿಲ್ಲ.

ಆ ಸುದ್ದಿ ಹೋಗುವ ದಾರಿ ಹೀಗಿದೆ. ಈ ಗೇರ್‌ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಇಲ್ಲ, ವಿದ್ಯುತ್ ತಂತಿಯೂ ಗೇರು ಆರಿಸುವುದಿಲ್ಲ. ಎಲ್ಲವನ್ನೂ ಆಯಿಲ್‌ನ ಒತ್ತಡವೇ ನಿರ್ಧರಿಸುತ್ತದೆ. ಹಿಂಬದಿಯ ಶಾಫ್ಟಿನ ಮೇಲೆ ಗವರ್ನರ್ ಎಂಬ ಭಾಗ ತಿರುಗುತ್ತಿರುತ್ತದೆ. ಗಾಡಿಯ ವೇಗ ಏರಿದಂತೆ ಅದು ಬಿಡುವ ಒತ್ತಡವೂ ಏರುತ್ತದೆ. ಇನ್ನೊಂದು ಕಡೆ, ಕಾರ್ಬುರೇಟರಿನಿಂದ ಒಂದು ರಾಡ್ ಕೆಳಗಿಳಿದು ಪೆಟ್ಟಿಗೆಯ ಎಡಬದಿಯ ಸಣ್ಣ ಲಿವರನ್ನು ಎಳೆಯುತ್ತದೆ; ಆ ಲಿವರು ಒಳಗಿನ ಥ್ರಾಟಲ್ ವಾಲ್ವನ್ನು ಒತ್ತಿ ಇನ್ನೊಂದು ಒತ್ತಡ ಹುಟ್ಟಿಸುತ್ತದೆ. ಈ ಎರಡು ಒತ್ತಡಗಳು ಗೇರು ಬದಲಿಸುವ ವಾಲ್ವಿನ ಎರಡು ತುದಿಗಳಲ್ಲಿ ಎದುರುಬದುರಾಗುತ್ತವೆ. ಗವರ್ನರ್ ಗೆದ್ದಾಗ ಮೇಲಿನ ಗೇರು. ರಾಡ್ ಕದಲದಿದ್ದರೆ ಎದುರಾಳಿಯೇ ಇಲ್ಲ, ಗವರ್ನರ್ 15-20 ಮೈಲಿಗೇ ಗೆದ್ದುಬಿಡುತ್ತದೆ.

ಇಷ್ಟೇ ಆಗಿದ್ದರೆ ‘ಬೇಗ ಬದಲಾದರೆ ಆಗಲಿ, ಪೆಟ್ರೋಲ್ ಉಳಿಯಿತು’ ಎನ್ನಬಹುದಿತ್ತು. ಅದೇ ರಾಡಿಗೆ ಇನ್ನೊಂದು ಕೆಲಸವಿದೆ, ಜನ ಮರೆಯುವುದು ಅದನ್ನೇ. ಎಲ್ಲರೂ ಇದನ್ನು ಕಿಕ್‌ಡೌನ್ ರಾಡ್ ಎಂದೇ ಕರೆಯುತ್ತಾರೆ, ಆದ್ದರಿಂದ ಓವರ್‌ಟೇಕ್ ಮಾಡುವಾಗ ಕೆಳಗಿನ ಗೇರಿಗೆ ಇಳಿಸುವುದಷ್ಟೇ ಇದರ ಕೆಲಸ, ರೇಸ್ ಮಾಡದವನಿಗೆ ಇಲ್ಲದಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಅಮೆರಿಕದ ಗ್ಯಾರೇಜುಗಳಲ್ಲೂ ಬೇರು ಬಿಟ್ಟಿದೆ. ಬೇರೆ ಕಂಪನಿಯ ಪೆಟ್ಟಿಗೆಗಳಲ್ಲಿ ಪಳಗಿದವರು ಹೊಸ ಕಾರ್ಬುರೇಟರ್ ಕೂರಿಸಿ, ರಾಡ್ ಹೊಂದದಿದ್ದಾಗ ಬಿಚ್ಚಿ ಮೂಲೆಗೆ ಇಡುವುದು ಇದೇ ನಂಬಿಕೆಯಿಂದ. ನಿಜ ಸಂಗತಿಯೆಂದರೆ, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಮುಖ್ಯ ಒತ್ತಡವನ್ನು ಏರಿಸುವುದೂ ಈ ರಾಡೇ. ಕಾಲು ಒತ್ತಿದಂತೆ ಎಂಜಿನ್ನಿನ ತಿರುಚುವ ಬಲ ಹೆಚ್ಚುತ್ತದೆ, ಅದಕ್ಕೆ ಸರಿಯಾಗಿ ಹಿಡಿತವೂ ಹೆಚ್ಚಬೇಕು. ರಾಡ್ ಇಲ್ಲದಾಗ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಎಳೆಯುತ್ತಿರುತ್ತದೆ, ಹಿಡಿತ ಮಾತ್ರ ಸಿಗ್ನಲ್ಲಿನಲ್ಲಿ ನಿಂತ ಗಾಡಿಯದು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗವನ್ನು ಸಡಿಲ ಮುಷ್ಟಿಯಲ್ಲಿ ಹಿಡಿದವರ ಅಂಗೈ ಏನಾಗುತ್ತದೆಂದು ಹಾಸನದವರಿಗೆ ಹೇಳಬೇಕಾಗಿಲ್ಲ. ನೀವು ಮೆಚ್ಚಿಕೊಂಡ ಆ ಬೆಣ್ಣೆಯಂಥ ಬದಲಾವಣೆ ಪ್ಲೇಟುಗಳು ಉಜ್ಜಿಕೊಳ್ಳುತ್ತ ಹಿಡಿಯುತ್ತಿರುವುದರ ಫಲ. ಮನೆಯವರಿಗೆ ಹೇಳಿ: ಆರೋಗ್ಯವಾಗಿರುವ ಟಾರ್ಕ್‌ಫ್ಲೈಟ್ ಗೇರು ಬದಲಿಸಿದಾಗ ಸೀಟಿನಲ್ಲಿ ಕೂತವರಿಗೆ ಅದು ತಿಳಿಯಬೇಕು. ಒದೆಯಬಾರದು, ತಿಳಿಯಬೇಕು.

ಮೊದಲು ಸುಡುವುದು ಮುಂದಿನ ಕ್ಲಚ್. ಎರಡನೆಯ ಗೇರಿನಲ್ಲಿ ಒಂದು ಡ್ರಮ್ಮನ್ನು ಬ್ಯಾಂಡ್ ಸುತ್ತುವರಿದು ಹಿಡಿದಿರುತ್ತದೆ. ಮೂರಕ್ಕೆ ಹೋಗುವಾಗ ಬ್ಯಾಂಡ್ ಬಿಡಬೇಕು, ಅದೇ ಹೊತ್ತಿಗೆ ಮುಂದಿನ ಕ್ಲಚ್ ಹಿಡಿಯಬೇಕು. ಒತ್ತಡ ಕಡಿಮೆಯಿದ್ದರೆ ಬ್ಯಾಂಡ್ ಬಿಟ್ಟಾಗಿರುತ್ತದೆ, ಕ್ಲಚ್ ಇನ್ನೂ ಹಿಡಿದಿರುವುದಿಲ್ಲ. ಆ ನಡುವಿನ ಗಳಿಗೆಯಲ್ಲಿ ಎಂಜಿನ್ನಿಗೆ ಹೊರೆಯೇ ಇಲ್ಲ, ಅದಕ್ಕೇ ಏರಿನಲ್ಲಿ ಮೊರೆದದ್ದು. ಇದರಲ್ಲಿ ನಿಮಗೆ ಅನುಕೂಲವಾದ ಒಂದು ಅಂಶವಿದೆ. ಈ ಮುಂದಿನ ಕ್ಲಚ್ ಕೆಲಸ ಮಾಡುವುದು ಮೂರನೆಯ ಗೇರಿನಲ್ಲಿ ಮತ್ತು ರಿವರ್ಸ್‌ನಲ್ಲಿ ಮಾತ್ರ. ಎಂಜಿನ್ ಬಿಸಿಯಾದ ಮೇಲೆ ಮನೆಯ ಮುಂದಿನ ಇಳಿಜಾರಿನಲ್ಲಿ ಗಾಡಿಯನ್ನು ನಿಧಾನವಾಗಿ ಹಿಮ್ಮುಖವಾಗಿ ಏರಿಸಿ ನೋಡಿ. ತಡವರಿಸದೆ ಗಟ್ಟಿಯಾಗಿ ಹತ್ತಿದರೆ ಪ್ಲೇಟಿನಲ್ಲಿ ಜೀವ ಉಳಿದಿದೆ. ರಿವರ್ಸ್ ಜಾರಿದರೆ, ಕೇವಲ ಎಂಜಿನ್ ಸದ್ದು ಏರಿ ಗಾಡಿ ಅಲ್ಲೇ ನಿಂತರೆ, ಮುಂದೆ ನಾನು ಹೇಳುವ ರಾಡಿನ ಕೆಲಸದ ಜೊತೆಗೆ ಪೆಟ್ಟಿಗೆಯನ್ನೂ ಇಳಿಸಬೇಕಾಗುತ್ತದೆ.

ಈಗ ನಿಮಗೆ ಬಂದ ಸಲಹೆಗಳಿಗೆ ಬರುತ್ತೇನೆ. ಗೆಳೆಯರು ಹೇಳಿದ ವ್ಯಾಕ್ಯೂಮ್ ಮಾಡ್ಯುಲೇಟರ್ ಆ ಕಾಲದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಪೆಟ್ಟಿಗೆಗಳಲ್ಲಿ ಇದೆ, ಅಲ್ಲಿ ಎಂಜಿನ್ನಿನ ನಿರ್ವಾತವೇ ಕಾಲಿನ ಸುದ್ದಿ ಒಯ್ಯುತ್ತದೆ. ಟಾರ್ಕ್‌ಫ್ಲೈಟ್‌ನಲ್ಲಿ ಆ ಭಾಗವೇ ಇಲ್ಲ. ಹುಡುಕಬೇಡಿ, ಯಾರಾದರೂ ಅದನ್ನು ಬದಲಿಸಿದೆವೆಂದು ಬಿಲ್ ಕೊಟ್ಟರೆ ಆ ಗ್ಯಾರೇಜನ್ನೇ ಬದಲಿಸಿ.

ಸೋದರಮಾವನ ಸಲಹೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಜೋಡಿಸುತ್ತಿದ್ದ ಕಾಲವಿತ್ತು. ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡದ್ದು ಕಾಲಿನ ಕ್ಲಚ್ಚಿದ್ದ ಅಂಥ ಗಾಡಿಗಳಲ್ಲಿ. ಸವೆದ ಹಲ್ಲಿನ ಗೇರು ಕಿರುಚುವಾಗ ದಪ್ಪ ಆಯಿಲ್ ಸದ್ದು ತಗ್ಗಿಸುತ್ತಿತ್ತು, ಅವರ ಮಾತು ಅಲ್ಲಿಗೆ ಸರಿ. ಆಟೊಮ್ಯಾಟಿಕ್‌ನಲ್ಲಿ ಆಯಿಲ್ ಎನ್ನುವುದು ಕೀಲೆಣ್ಣೆಯಷ್ಟೇ ಅಲ್ಲ, ಪೆಟ್ಟಿಗೆಯ ನರವೂ ಸ್ನಾಯುವೂ ಅದೇ. ಸೂಜಿಯ ತೂತಿನಂಥ ಕಿಂಡಿಗಳಲ್ಲಿ ಹರಿಯಬೇಕಾದ ದ್ರವವನ್ನು ದಪ್ಪ ಮಾಡಿದರೆ ವಾಲ್ವುಗಳು ಮಂಕಾಗುತ್ತವೆ. ಅಂಗಡಿಯಲ್ಲಿ ಸಿಗುವ ‘ಜಾರುವಿಕೆ ನಿಲ್ಲಿಸುವ’ ಬಾಟಲಿಗಳಿಗೂ ಇದೇ ಮಾತು. ಕೆಲವು ಗಟ್ಟಿಯಾದ ರಬ್ಬರ್ ಸೀಲನ್ನು ತುಸು ಉಬ್ಬಿಸುತ್ತವೆ, ಕದಲದ ರಾಡನ್ನು ಅವು ಕದಲಿಸಲಾರವು. ಫೋರ್ಡ್‌ಗೆಂದು ಬಂದ ಟೈಪ್ ಎಫ್ ಆಯಿಲ್ ಹಾಕಿದರೆ ಬದಲಾವಣೆ ಬಿಗಿಯಾಗುತ್ತದೆಂದು ನಿಮಗೆ ಯಾರಾದರೂ ಹೇಳಿಯಾರು. ತುಸು ಬಿಗಿಯಾಗುವುದು ಹೌದು, ಜಾರಿಕೆಯ ಅಂಶ ಅದರಲ್ಲಿ ಕಡಿಮೆ. ಒತ್ತಡ ಇಲ್ಲದ ರೋಗವನ್ನು ಅದು ಮುಚ್ಚಿಡುತ್ತದೆ ಅಷ್ಟೇ. ಡೆಕ್ಸ್‌ರಾನ್ ದರ್ಜೆಯ ಒಳ್ಳೆಯ ಆಯಿಲ್ ಸಾಕು.

ಆಯಿಲ್ ಮಟ್ಟವನ್ನು ಮಾತ್ರ ಮೊದಲೇ ನೋಡಿ. ಕಡಿಮೆಯಾದರೆ ಪಂಪು ಗಾಳಿ ಎಳೆದು ಇದೇ ಲಕ್ಷಣ ಕೊಡುತ್ತದೆ, ಹೆಚ್ಚಾದರೆ ತಿರುಗುವ ಭಾಗಗಳು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೂ ಒತ್ತಡ ಇರುವುದಿಲ್ಲ. ಗಾಡಿ ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಟ್ಟೆ ಕೊಟ್ಟು ಲಿವರನ್ನು ನ್ಯೂಟ್ರಲ್‌ನಲ್ಲಿ ಇಡಬೇಕು. ಬೇರೆ ಹೆಚ್ಚಿನ ಗಾಡಿಗಳಂತೆ ಪಾರ್ಕ್‌ನಲ್ಲಿ ನೋಡಿದರೆ ನಿಮ್ಮ ಡಾರ್ಟ್ ತಪ್ಪು ಅಳತೆ ತೋರಿಸುತ್ತದೆ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ. ಅಳತೆ ಕಡ್ಡಿಯನ್ನು ಬಿಳಿಯ ಕಾಗದದ ಮೇಲೆ ಒರೆಸಿ. ಕೆಂಪಗಿದ್ದು ಆಯಿಲ್ ವಾಸನೆಯೇ ಬಂದರೆ ಸಮಾಧಾನ. ಕಂದುಬಣ್ಣಕ್ಕೆ ತಿರುಗಿ, ಸೀದ ವಾಸನೆ ಬಂದು, ಕಾಗದದ ಮೇಲೆ ಕಪ್ಪು ಕಣಗಳು ಉಳಿದರೆ ಪ್ಲೇಟು ಉದುರಿದೆ ಎಂದರ್ಥ.

ಇನ್ನು ಬಾನೆಟ್ ಎತ್ತಿ. ಏರ್ ಫಿಲ್ಟರ್ ಡಬ್ಬಿ ತೆಗೆದು ಎಂಜಿನ್ ಆರಿಸಿಟ್ಟು, ಒಬ್ಬರು ಪೆಡಲ್ ಒತ್ತುತ್ತಿರಲಿ, ನೀವು ನೋಡುತ್ತಿರಿ. ಕಾರ್ಬುರೇಟರಿನ ಎಡಬದಿಯಲ್ಲಿ ಆಕ್ಸಿಲರೇಟರ್ ಕೇಬಲ್ ಸೇರುವ ಲಿವರ್ ಇದೆಯಲ್ಲ, ಅದಕ್ಕೆ ಒಂದು ಉದ್ದ ಕಿಂಡಿಯಿರುವ ಇನ್ನೊಂದು ಕೊಂಡಿ ಸೇರಿರಬೇಕು. ಅಲ್ಲಿಂದ ರಾಡ್ ಎಂಜಿನ್ನಿನ ಹಿಂಬದಿಗೆ ಹೋಗಿ, ಮೂಲೆ ತಿರುಗಿಸುವ ತುಂಡಿಗೆ ಸಿಕ್ಕಿ, ಕೆಳಗೆ ಪೆಟ್ಟಿಗೆಯ ಲಿವರಿಗೆ ಇಳಿಯುತ್ತದೆ. ನಿಮ್ಮ ಗಾಡಿಯಲ್ಲಿ ಮೂರರಲ್ಲಿ ಒಂದು ಕಾಣುತ್ತದೆ ಎಂದು ನನ್ನ ಲೆಕ್ಕ. ಒಂದೋ ರಾಡೇ ಇಲ್ಲ, ಕೆಳಗಿನ ಲಿವರು ಮುಂದಕ್ಕೆ ಬಾಗಿ ಸುಮ್ಮನೆ ಕೂತಿದೆ. ಅಥವಾ ರಾಡ್ ಇದೆ, ತಂತಿಯಿಂದ ಎಲ್ಲೋ ಎತ್ತಿ ಕಟ್ಟಿದ್ದಾರೆ. ಮೂರನೆಯದು ಮೋಸ ಮಾಡುವಂಥದ್ದು: ರಾಡ್ ಸೇರಿದೆ, ಪೆಡಲ್ ಒತ್ತಿದರೆ ಕದಲುತ್ತದೆ, ನೋಡಿದವರು ‘ಸರಿಯಿದೆ’ ಎಂದುಬಿಡುತ್ತಾರೆ, ಆದರೆ ಎಷ್ಟು ಕದಲಬೇಕೋ ಅಷ್ಟು ಕದಲುತ್ತಿಲ್ಲ.

ಈ ಮೂರನೆಯದರ ಬಗ್ಗೆ ನಿಧಾನವಾಗಿ ಹೇಳಬೇಕು. ಕ್ರೈಸ್ಲರ್‌ಗೆಂದೇ ಮಾಡಿದ ಕಾರ್ಬುರೇಟರಿನಲ್ಲಿ ರಾಡ್ ಸೇರುವ ಗೂಟ ಶಾಫ್ಟಿನಿಂದ ಎಷ್ಟು ದೂರದಲ್ಲಿರಬೇಕು, ಯಾವ ಕೋನದಲ್ಲಿರಬೇಕು ಎಂಬುದು ಪೆಟ್ಟಿಗೆಯ ಲಿವರಿಗೆ ಹೊಂದಿಸಿ ಇಟ್ಟ ಲೆಕ್ಕ. ಎಲ್ಲ ಗಾಡಿಗಳಿಗೂ ಆಗುತ್ತದೆಂದು ಮಾರುವ ಕಾರ್ಬುರೇಟರಿನ ಲಿವರಿನಲ್ಲಿ ನಾಲ್ಕಾರು ತೂತುಗಳಿರುತ್ತವೆ, ನಿಮ್ಮ ರಾಡಿಗೆ ಸರಿಯಾದ ಜಾಗದಲ್ಲಿ ಒಂದೂ ಇರುವುದಿಲ್ಲ. ಗೂಟ ಶಾಫ್ಟಿಗೆ ಹತ್ತಿರವಾದರೆ ಪೆಡಲ್ ನೆಲ ಮುಟ್ಟಿದರೂ ರಾಡ್ ಅರ್ಧ ದಾರಿಯಷ್ಟೇ ಹೋಗುತ್ತದೆ. ಕೋನ ತಪ್ಪಿದರೆ ಮೊದಲ ಕಾಲು ಭಾಗದಲ್ಲಿ ಏನೂ ಎಳೆಯದೆ ಕೊನೆಯಲ್ಲಿ ಒಮ್ಮೆಲೇ ಎಳೆಯುತ್ತದೆ. ಎರಡು ತುದಿಗಳನ್ನು ಹೇಗೋ ಹೊಂದಿಸಿಬಿಡಬಹುದು, ದಿನನಿತ್ಯ ನಾವು ಓಡಿಸುವ ನಡುಭಾಗ ಬಡವಾಗಿಯೇ ಉಳಿಯುತ್ತದೆ. ಇದಕ್ಕೆಂದೇ ಕ್ರೈಸ್ಲರ್ ಅಡಾಪ್ಟರ್ ಲಿವರ್ ಎಂಬ ತಗಡಿನ ತುಂಡು ಸಿಗುತ್ತದೆ, ಬೆಲೆ ಅಲ್ಪ. ನಿಮ್ಮ ಗ್ಯಾರೇಜಿನವರು ಅದನ್ನು ಹಾಕಿದ್ದಾರೆಯೇ ಎಂದು ಕೇಳಿ. ಹಾಕಿದ್ದರೂ ಹಳೆಯ ಬುಶ್‌ಗಳ ಸವಕಳಿ ನೋಡಿ. ಪ್ರತಿ ಕೀಲಿನಲ್ಲೂ ಒಂದಿಷ್ಟು ಆಟ ಸೇರಿದರೆ ಕೆಳಗಿನ ಲಿವರಿಗೆ ತಲುಪುವಾಗ ಅದು ಒಳ್ಳೆಯ ಮೊತ್ತವೇ ಆಗಿರುತ್ತದೆ.

ಹೊಂದಿಸುವ ಕ್ರಮ ಕಷ್ಟದ್ದಲ್ಲ. ಎಂಜಿನ್ ಬಿಸಿಯಾಗಿ, ಚೋಕ್ ಪೂರ್ತಿ ತೆರೆದು, ಐಡಲ್ ಸರಿಯಾಗಿ ನಿಂತ ಮೇಲೆ ಎಂಜಿನ್ ಆರಿಸಿ. ಪೆಟ್ಟಿಗೆಯ ಲಿವರನ್ನು ಕೈಯಿಂದ ಮುಂದಕ್ಕೆ, ಒಳಗೆ ತಡೆಯುವವರೆಗೆ ಒತ್ತಿ ಹಿಡಿಯಿರಿ. ಆಗ ಮೇಲಿನ ಕೊಂಡಿಯ ಕಿಂಡಿಯ ಹಿಂತುದಿ ಕಾರ್ಬುರೇಟರಿನ ಗೂಟವನ್ನು ಈಗಷ್ಟೇ ಮುಟ್ಟುವಂತೆ ಕೊಂಡಿಯ ಉದ್ದ ತಿರುಗಿಸಿ. ಸಡಿಲವೂ ಬೇಡ, ಐಡಲ್ ಏರುವಷ್ಟು ಬಿಗಿಯೂ ಬೇಡ. ಬಳಿಕ ಪೆಡಲನ್ನು ನೆಲಕ್ಕೆ ಒತ್ತಿಸಿ: ಕಾರ್ಬುರೇಟರ್ ಪೂರ್ತಿ ತೆರೆದಾಗ ಕೆಳಗಿನ ಲಿವರು ಹಿಂದಿನ ಕೊನೆಯನ್ನು ಇನ್ನೇನು ಮುಟ್ಟುವಂತಿರಬೇಕು. ಲಿವರು ಮೊದಲೇ ಕೊನೆ ಮುಟ್ಟಿದರೆ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ, ಒತ್ತಾಯ ಮಾಡಿದರೆ ರಾಡ್ ಬಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೆಡಲ್ ಬಿಟ್ಟ ಕೂಡಲೇ ಕಾರ್ಬುರೇಟರ್ ಮುಚ್ಚಿಕೊಳ್ಳಬೇಕು, ರಾಡ್ ಮೊದಲಿನ ಜಾಗಕ್ಕೆ ಮರಳಬೇಕು. ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗ್ ಇರಲಿ. ಸಿಕ್ಕಿಹಾಕಿಕೊಳ್ಳುವ ರಾಡು ಆಕ್ಸಿಲರೇಟರನ್ನು ತೆರೆದೇ ಹಿಡಿದಿಟ್ಟುಬಿಡಬಹುದು. ಸುಟ್ಟ ಕ್ಲಚ್ಚಿಗಿಂತ ಅದು ದೊಡ್ಡ ಅಪಾಯ.

ತಪ್ಪುವುದಾದರೆ ಬಿಗಿಯ ಕಡೆಗೆ ತಪ್ಪಿ. ರಾಡ್ ತುಸು ಮೊದಲೇ ಎಳೆದರೆ ಗೇರು ತಡವಾಗಿ, ಸ್ವಲ್ಪ ಒರಟಾಗಿ ಬದಲಾಗುತ್ತದೆ. ಕೂತವರಿಗೆ ಕಿರಿಕಿರಿ, ಪೆಟ್ಟಿಗೆಗೆ ನೋವಿಲ್ಲ.

ರಾಡ್ ಸರಿಯಾಯಿತು ಎಂದ ಮೇಲೂ ನಾನು ಗೇಜ್ ಹಾಕದೆ ಗಾಡಿ ಬಿಡುವುದಿಲ್ಲ. ಪೆಟ್ಟಿಗೆಯ ಮೈಮೇಲೆ ಒತ್ತಡ ನೋಡಲೆಂದೇ ಸಣ್ಣ ಪ್ಲಗ್‌ಗಳಿವೆ. ಹಿಂದಿನ ಚಕ್ರಗಳನ್ನು ಎತ್ತಿ, ಗಾಡಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ), ಮುಖ್ಯ ಒತ್ತಡದ ಪ್ಲಗ್ ತೆಗೆದು ಗೇಜ್ ಸೇರಿಸುತ್ತೇವೆ. ರಾಡನ್ನು ಕಳಚಿ, ಗೇರು ಲಿವರನ್ನು 1ರಲ್ಲಿಟ್ಟು, ಎಂಜಿನ್ ನಿಮಿಷಕ್ಕೆ 1000 ಸುತ್ತಿನಲ್ಲಿ ನಿಲ್ಲಿಸಿದರೆ, ಥ್ರಾಟಲ್ ಲಿವರ್ ಮುಂದಿದ್ದಾಗ ಮುಳ್ಳು 54ರಿಂದ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತೋರಿಸಬೇಕು. ಲಿವರನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ಒತ್ತುತ್ತ ಹೋದರೆ ಮುಳ್ಳೂ ಜೊತೆಗೇ ಏರಿ 90ರಿಂದ 96ಕ್ಕೆ ಮುಟ್ಟಬೇಕು. ಮುಳ್ಳು ಕೈಯನ್ನು ಹಿಂಬಾಲಿಸಿತೆಂದರೆ ಪಂಪು, ವಾಲ್ವು ಆರೋಗ್ಯವಾಗಿವೆ, ತಪ್ಪು ಹೊರಗಿನ ರಾಡಿನದ್ದೇ. ರಿವರ್ಸ್‌ನಲ್ಲಿ ಒತ್ತಡ ಇದರ ಎರಡು ಪಟ್ಟಿಗಿಂತ ಮೇಲೆ ಹೋಗುತ್ತದೆ, ಆದ್ದರಿಂದ ಗೇಜ್ 300 ಪಿಎಸ್‌ಐನದ್ದಿರಲಿ.

ಇನ್ನೊಂದು ಪ್ಲಗ್ ಇದಕ್ಕಿಂತ ಹೆಚ್ಚು ಹೇಳುತ್ತದೆ. ಮುಂದಿನ ಬ್ಯಾಂಡನ್ನು ಬಿಡಿಸುವ ಒತ್ತಡ ಮತ್ತು ಮುಂದಿನ ಕ್ಲಚ್ಚನ್ನು ಹಿಡಿಯುವ ಒತ್ತಡ ಒಂದೇ ದಾರಿಯಲ್ಲಿ ಹೋಗುವುದರಿಂದ, ಆ ದಾರಿಗೆ ಎರಡನೆಯ ಗೇಜ್ ಹಾಕಿ ಮೂರನೆಯ ಗೇರಿನಲ್ಲಿ ನೋಡಿದರೆ ಎರಡೂ ಮುಳ್ಳುಗಳ ನಡುವೆ 3 ಪಿಎಸ್‌ಐಗಿಂತ ಹೆಚ್ಚು ಅಂತರ ಇರಬಾರದು. ಮುಖ್ಯ ಒತ್ತಡ ಸರಿಯಿದ್ದು ಇಲ್ಲಿ ಕುಸಿದರೆ ಕ್ಲಚ್ಚಿನ ಸೀಲು ಸೋರುತ್ತಿದೆ. ಅರ್ಧ ಶತಮಾನ ದಾಟಿದ ರಬ್ಬರು ಗಟ್ಟಿಯಾಗಿರುವುದು ಆಶ್ಚರ್ಯವಲ್ಲ. ಅಂಥ ಪೆಟ್ಟಿಗೆಯನ್ನು ರಾಡ್ ಹೊಂದಿಸಿ ಉಳಿಸಲಾಗದು.

ಗೇಜ್ ಬೇರೆ ಕಥೆ ಹೇಳಿದರೆ ದಾರಿಯೂ ಬೇರೆ. 54 ಕೂಡ ಸಿಗದೆ ಎಲ್ಲ ಕಡೆ ಕಡಿಮೆಯಿದ್ದರೆ ಪೆಟ್ಟಿಗೆಯ ತಳದ ಆಯಿಲ್ ಪ್ಯಾನ್ ಬಿಚ್ಚಿ ಫಿಲ್ಟರ್ ನೋಡಬೇಕು, ಅದಾದ ಮೇಲೆ ಒತ್ತಡದ ರೆಗ್ಯುಲೇಟರ್, ಕೊನೆಗೆ ಪಂಪು. ಮೊದಲ ಅಂಕಿ ಸರಿಯಿದ್ದು ಲಿವರ್ ಒತ್ತಿದರೂ ಏರದಿದ್ದರೆ ಥ್ರಾಟಲ್ ವಾಲ್ವು ಒಳಗೆ ಸಿಕ್ಕಿಕೊಂಡಿದೆ. ಪ್ಯಾನ್ ಬಿಚ್ಚಿದಾಗ ಒಳಗೆ ಕಾಣುವ ಹೊಂದಾಣಿಕೆಯ ಸ್ಕ್ರೂಗಳನ್ನು ಅಂದಾಜಿನಲ್ಲಿ ತಿರುಗಿಸುವ ಆಸೆ ಬರುತ್ತದೆ, ಬೇಡ. ಅವಕ್ಕೆ ಅಳತೆಯ ಉಪಕರಣವಿದೆ. ಗವರ್ನರ್ ಸಿಕ್ಕಿಕೊಂಡರೆ ಲಕ್ಷಣ ಸ್ವಲ್ಪ ಬೇರೆ, ಗಾಡಿ ನಿಂತಲ್ಲಿಂದಲೇ ಮೇಲಿನ ಗೇರಿನಲ್ಲಿ ಹೊರಡುತ್ತದೆ. ಡ್ರೈವ್‌ನಲ್ಲಿ ಸೊರಗಿ ಹೊರಡುವ ಗಾಡಿ 1ಕ್ಕೆ ಎಳೆದಾಗ ಜಿಗಿದು ಹೊರಟರೆ ಅನುಮಾನ ಅದರ ಮೇಲೆ. ಒಂದರಿಂದ ಎರಡಕ್ಕೆ ಹೋಗುವುದು ಮಾತ್ರ ಎಳೆಎಳೆಯಾಗಿದ್ದರೆ ಮುಂದಿನ ಬ್ಯಾಂಡ್ ಸಡಿಲವಾಗಿರಬಹುದು. ಅದರ ಸ್ಕ್ರೂ ಹೊರಗಡೆ ಎಡಬದಿಯಲ್ಲೇ ಇದೆ: ಲಾಕ್ ನಟ್ ಸಡಿಲಿಸಿ, 72 ಇಂಚು-ಪೌಂಡ್‌ಗೆ ಬಿಗಿದು, 2 ಸುತ್ತು ಹಿಂದಕ್ಕೆ ತಿರುಗಿಸಿ, ಸ್ಕ್ರೂ ಅಲ್ಲಾಡದಂತೆ ಹಿಡಿದು ನಟ್ ಬಿಗಿಯಬೇಕು. 72 ಇಂಚು-ಪೌಂಡ್ ಎಂದರೆ ಸುಮಾರು 8 ನ್ಯೂಟನ್ ಮೀಟರ್, ಬಹಳ ಕಡಿಮೆ. ಫೂಟ್-ಪೌಂಡ್ ಎಂದುಕೊಂಡು ಬಿಗಿದರೆ ಬ್ಯಾಂಡ್ ಮುರಿಯುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ಆಯ್ಕೆಗಳೇನು? ಮೂಲ ರಾಡುಗಳು ಡಿಕ್ಕಿಯಲ್ಲೋ ಗ್ಯಾರೇಜಿನಲ್ಲೋ ಉಳಿದಿದ್ದರೆ, ಹೊಸ ಬುಶ್, ಸರಿಯಾದ ಅಡಾಪ್ಟರ್ ಹಾಕಿ ಅವನ್ನೇ ಮರಳಿ ಕೂರಿಸುವುದು ನನ್ನ ಮೊದಲ ಮತ. ಅದರ ತೊಡಕೆಂದರೆ ಹೊಸ ಮ್ಯಾನಿಫೋಲ್ಡ್ ಎತ್ತರವಾಗಿದ್ದರೆ ರಾಡಿನ ಉದ್ದ ಸಾಲದೆ ಹೋಗಬಹುದು. ಆಗ ರಾಡಿನ ಬದಲಿಗೆ ಕೇಬಲ್ ಕಿಟ್ ಹಾಕುವುದು ವಾಸಿ. ಕೇಬಲ್ ಎತ್ತ ಬೇಕಾದರೂ ಬಾಗುತ್ತದೆ, ಅಂದವಾಗಿ ಕೂರುತ್ತದೆ, ಆದರೆ ಗೂಟದ ಜಾಗದ ಲೆಕ್ಕ ಅದಕ್ಕೂ ತಪ್ಪದು. ಎಕ್ಸಾಸ್ಟ್ ಪೈಪಿಗೆ ತಾಗುವಂತೆ ಎಳೆದರೆ ಹೊರಕವಚ ಕರಗಿ ಕೇಬಲ್ ಬಿಗಿಯುತ್ತದೆ, ಮತ್ತೆ ಅದೇ ಮೆತ್ತನೆಯ ಗೇರು. ಹಳೆಯ ಎರಡು ಬ್ಯಾರಲ್ ಕಾರ್ಬುರೇಟರನ್ನೇ ಮರಳಿ ಹಾಕುವುದೂ ಅವಮಾನವಲ್ಲ. ಮನೆ, ದೇವಸ್ಥಾನ, ಭಾನುವಾರದ ಸುತ್ತಾಟಕ್ಕೆ ಓಡುವ 318ಕ್ಕೆ ಅದು ಸಾಕೆಂದು ನನ್ನ ಅಭಿಪ್ರಾಯ. ನಿಮ್ಮ ಮನಸ್ಸು ಒಪ್ಪಲಿಕ್ಕಿಲ್ಲ, ಇರಲಿ.

ಶಿಫ್ಟ್ ಕಿಟ್ ಎಂಬ ಇನ್ನೊಂದು ಸಲಹೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಸ್ಪ್ರಿಂಗುಗಳನ್ನು ಬದಲಿಸಿ, ಕಿಂಡಿಗಳನ್ನು ಹಿಗ್ಗಿಸಿ ಬದಲಾವಣೆಯನ್ನು ಬಿಗಿ ಮಾಡುವ ಭಾಗಗಳವು. ಒಳ್ಳೆಯವೇ, ಆದರೆ ರಾಡಿಗೆ ಬದಲಿಯಾಗಿ ಅಲ್ಲ. ರಾಡ್ ಇಲ್ಲದೆ ಕಿಟ್ ಹಾಕಿದ ಗಾಡಿ ಮೊದಲ ವಾರ ಚುರುಕಾಗಿ ಕಾಣುತ್ತದೆ, ಏರಿನಲ್ಲಿ ಮತ್ತೆ ಜಾರುತ್ತದೆ. ಇನ್ನು ಪೂರ್ತಿ ಬಿಚ್ಚಿ ಕಟ್ಟುವುದು: ರಿವರ್ಸ್ ಜಾರಿದರೆ, ಆಯಿಲ್ ಸೀದಿದ್ದರೆ, ಅಥವಾ ಎರಡನೆಯ ಗೇಜ್ ಕುಸಿದರೆ ಮಾತ್ರ ಅದಕ್ಕೆ ಒಪ್ಪಿ. ಒಪ್ಪುವ ಮೊದಲು ಗ್ಯಾರೇಜಿನವರಿಗೆ ಒಂದೇ ಪ್ರಶ್ನೆ ಕೇಳಿ: ಕಿಕ್‌ಡೌನ್ ರಾಡನ್ನು ಹೇಗೆ ಹೊಂದಿಸುತ್ತೀರಿ? ‘ಅದು ಬೇಕಾಗಿಲ್ಲ’ ಎಂಬ ಉತ್ತರ ಬಂದರೆ ಹೊಸ ಪ್ಲೇಟುಗಳೂ ಹಳೆಯವುಗಳ ದಾರಿಯನ್ನೇ ಹಿಡಿಯುತ್ತವೆ, ಬಿಲ್ ಮಾತ್ರ ನಿಮ್ಮ ಹೆಸರಿಗೆ ಎರಡು ಸಲ ಬರುತ್ತದೆ.

ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದೇ ಸಮಸ್ಯೆಯಾದರೆ, ಟ್ರಕ್ ಮೇಲೆ ಏರಿಸಿ ಕಳಿಸಿ. ಓಡಿಸಲೇಬೇಕಾದರೆ ಹಳಬರ ಒಂದು ಉಪಾಯವಿದೆ: ಪೆಟ್ಟಿಗೆಯ ಥ್ರಾಟಲ್ ಲಿವರನ್ನು ಪೂರ್ತಿ ಹಿಂದಕ್ಕೆ ಎಳೆದು, ಕಾರ್ಬುರೇಟರಿಗೂ ಪೆಡಲಿಗೂ ತಾಗದಂತೆ ತಂತಿಯಿಂದ ಕಟ್ಟುವುದು. ಆಗ ಒತ್ತಡ ಸದಾ ಗರಿಷ್ಠ. ಗಾಡಿ ಮೊದಲ ಗೇರಿನಲ್ಲೇ 35-40 ಮೈಲಿಯವರೆಗೆ ಕಿರುಚುತ್ತದೆ, ಕಾಲು ತೆಗೆದರೂ ಮೇಲಿನ ಗೇರಿಗೆ ಹೋಗದು, ಹೋದಾಗ ಬೆನ್ನಿಗೆ ಗುದ್ದಿದಂತಾಗುತ್ತದೆ. ಪಕ್ಕದಲ್ಲಿ ಕೂತವರು ಬೈಯುತ್ತಾರೆ. ಕ್ಲಚ್ ಸುಡುವುದಿಲ್ಲ.

ಕೊನೆಯದಾಗಿ, ಎರಡು ವಾರ ನಿಂತ ಗಾಡಿ ಕದಲದಿರುವ ಪ್ರಶ್ನೆ. ಇದಕ್ಕೂ ಮೇಲಿನ ರೋಗಕ್ಕೂ ಸಂಬಂಧವಿಲ್ಲ. ನಿಂತ ಗಾಡಿಯಲ್ಲಿ, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಪೆಟ್ಟಿಗೆಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನೊಳಗಿನ ಆಯಿಲ್ ನಿಧಾನವಾಗಿ ಕೆಳಗಿನ ಪ್ಯಾನ್‌ಗೆ ಇಳಿದುಬಿಡುತ್ತದೆ. ಆ ಕಾಲದ ಟಾರ್ಕ್‌ಫ್ಲೈಟ್‌ಗಳು ಪಾರ್ಕ್‌ನಲ್ಲಿದ್ದಾಗ ಕನ್ವರ್ಟರಿಗೆ ಆಯಿಲ್ ಕಳಿಸುವುದಿಲ್ಲ, ಆದ್ದರಿಂದ ಪಾರ್ಕ್‌ನಲ್ಲಿ ಎಷ್ಟು ಹೊತ್ತು ಎಂಜಿನ್ ಓಡಿಸಿ ಬಿಸಿ ಮಾಡಿದರೂ ಅದು ತುಂಬುವುದಿಲ್ಲ. ಅಳತೆ ನ್ಯೂಟ್ರಲ್‌ನಲ್ಲೇ ನೋಡಬೇಕು ಎಂದದ್ದೂ ಇದಕ್ಕೇ. ಎಂಜಿನ್ ಹೊತ್ತಿಸಿ, ಬ್ರೇಕ್ ಒತ್ತಿ, ನ್ಯೂಟ್ರಲ್‌ನಲ್ಲಿ ಒಂದು ನಿಮಿಷ ಬಿಟ್ಟು ಡ್ರೈವ್‌ಗೆ ಹಾಕಿ, ಹೊರಡುತ್ತದೆ. ಒಂದೇ ರಾತ್ರಿ ನಿಂತರೂ ಹೀಗಾಗತೊಡಗಿದರೆ ಒಳಗಿನ ಸೋರಿಕೆ ಹೆಚ್ಚಿದೆ, ಆಗ ಪೆಟ್ಟಿಗೆ ಇಳಿಸಿದ ದಿನ ಪಂಪಿನ ಭಾಗವನ್ನೂ ನೋಡಿಸಿ. ಎರಡು ವಾರ ನಿಂತ ಗಾಡಿಯ ಕಡ್ಡಿಯನ್ನು ಎಂಜಿನ್ ಹೊತ್ತಿಸದೆ ಎಳೆದು ನೋಡಿ, ಆಯಿಲ್ ಹೆಚ್ಚಾಗಿದೆಯೆಂದು ಹೀರಿ ತೆಗೆಯಬೇಡಿ.